ಮಹಾಯುದ್ಧಗಳು ಮತ್ತು ನಮ್ಮ ಕರಾವಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಊರಿನ ಇತಿಹಾಸದ ಮಾತು ಬಂದಾಗ ಎರಡು ಮಹಾಯುದ್ಧಗಳನ್ನು ಎತ್ತಿದರೆ ಮೊದಲು ಬರುವ ಪ್ರತಿಕ್ರಿಯೆ, ಅದು ಯುರೋಪಿನವರ ಜಗಳ, ನಮಗೇನು ಸಂಬಂಧ ಎಂಬುದು. ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ಯುದ್ಧಗಳನ್ನು ಕೇಳಿದವರು ನಮ್ಮವರಲ್ಲ, ನಿಜ. ಆದರೆ ಅವುಗಳ ಸಾಲವನ್ನು ಈ ಕರಾವಳಿಯೂ ತೀರಿಸಿದೆ, ಅವುಗಳಿಂದ ಹುಟ್ಟಿದ ಎಷ್ಟೋ ಏರ್ಪಾಡುಗಳಲ್ಲಿ ನಾವು ಇಂದಿಗೂ ಬದುಕುತ್ತಿದ್ದೇವೆ. ವಿದ್ಯಾರ್ಥಿಗಳು, ಹಿರಿಯರು, ಮನೆಯ ಹಳೆಯ ಕಾಗದಪತ್ರ ಹಿಡಿದುಕೊಂಡು ಬರುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ನಮ್ಮ ಊರಿನ ಮೇಲೆ ಬಾಂಬ್ ಬಿದ್ದಿಲ್ಲವಲ್ಲ. ಮತ್ತೆ ಯಾವ ಪ್ರಭಾವ?

ಬಾಂಬ್ ಬಿದ್ದಿಲ್ಲ. ಆದರೆ ಯುದ್ಧ ನಾವು ಅಂದುಕೊಂಡಷ್ಟು ದೂರದಲ್ಲಿರಲಿಲ್ಲ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ಎಂಬ ಯುದ್ಧನೌಕೆ ಮದ್ರಾಸಿನ ತೈಲ ಟ್ಯಾಂಕುಗಳ ಮೇಲೆ ಗುಂಡು ಸುರಿಸಿತು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ರಾಜಧಾನಿಗೇ ಗುಂಡು ಬಿದ್ದ ಸುದ್ದಿ ಇಲ್ಲಿಯವರಿಗೆ ಹೊರಗಿನ ಸುದ್ದಿಯಾಗಿರಲು ಸಾಧ್ಯವಿರಲಿಲ್ಲ. ಎರಡನೇ ಯುದ್ಧದಲ್ಲಿ, 1942ರ ಏಪ್ರಿಲ್ 5ರಂದು ಜಪಾನಿನ ವಿಮಾನಗಳು ಕೊಲಂಬೊ ಮೇಲೆ, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ದಾಳಿ ಮಾಡಿದವು. ಅದೇ ವರ್ಷ ನವೆಂಬರ್ 23ರಂದು ಮುಂಬಯಿಯಿಂದ ಆಫ್ರಿಕಾಕ್ಕೆ ಹೊರಟಿದ್ದ ತಿಲಾವಾ ಹಡಗನ್ನು ಜಪಾನಿನ ಜಲಾಂತರ್ಗಾಮಿ ಅರಬ್ಬಿ ಸಮುದ್ರದಲ್ಲಿ ಮುಳುಗಿಸಿತು. 280 ಜನ ಸತ್ತರು. 1943ರ ಮಾರ್ಚ್‌ನಲ್ಲಿ ಗೋವೆಯ ಮರ್ಮಗೋವಾ ಬಂದರಿನಲ್ಲಿ ಲಂಗರು ಹಾಕಿದ್ದ ಎಹ್ರೆನ್‌ಫೆಲ್ಸ್ ಎಂಬ ಜರ್ಮನ್ ಹಡಗಿನ ಮೇಲೆ ಬ್ರಿಟಿಷರ ಒಂದು ತಂಡ ರಾತ್ರಿ ಹೊತ್ತು ದಾಳಿ ನಡೆಸಿತು. ಅಲ್ಲಿಂದ ಕಾರವಾರ ಎಷ್ಟು ದೂರ ಎಂದು ನಮ್ಮ ಮೀನುಗಾರರಿಗೆ ಹೇಳಿಕೊಡಬೇಕಾಗಿಲ್ಲ.

ಹಾಗಿದ್ದರೂ ಹೆಚ್ಚು ಕಾಲ ಉಳಿದ ಪ್ರಭಾವ ಗುಂಡಿನದ್ದಲ್ಲ. ಅಕ್ಕಿ, ಔಷಧ, ಕಾನೂನು, ವ್ಯಾಪಾರ, ಇವುಗಳ ಮೂಲಕ ಬಂದದ್ದು.

ಅಟ್ಟದ ಮೇಲಿರುವ ಹಂಚುಗಳಲ್ಲಿ ಕೆಲವದರ ಮೇಲೆ ಬಾಸೆಲ್ ಮಿಶನ್ ಎಂದೂ, ಕೆಲವದರ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂದೂ ಅಚ್ಚಿದೆ. ಎರಡೂ ಬೇರೆ ಬೇರೆ ಕಂಪನಿಗಳೇ?

ಕಾರ್ಖಾನೆ ಅದೇ, ಯಜಮಾನ ಬದಲಾದ. ಬದಲಾಯಿಸಿದ್ದು ಮೊದಲನೆಯ ಮಹಾಯುದ್ಧ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಸಂಸ್ಥೆ ಸ್ವಿಸ್ ಆದರೂ ಬಂದವರಲ್ಲಿ ಬಹುಮಂದಿ ಜರ್ಮನರು. 1841ರಲ್ಲಿ ಮುದ್ರಣಾಲಯ ತೆರೆದರು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡ ಪತ್ರಿಕೋದ್ಯಮದ ಹುಟ್ಟು ಅದೇ. ಫರ್ಡಿನಂಡ್ ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನ ಇದೇ ಮುದ್ರಣಾಲಯದಲ್ಲಿ ಅಚ್ಚಾಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ನೇತ್ರಾವತಿ ತೀರದ ಜೇಡಿಮಣ್ಣು ಹಂಚಾಗಿ ಹಡಗು ಹತ್ತಿತು. ಕುದ್ರೋಳಿ, ಮಲ್ಪೆಗಳಲ್ಲೂ ಕಾರ್ಖಾನೆಗಳು ಎದ್ದವು, ಸಾವಿರಾರು ಜನರಿಗೆ ಕೆಲಸ ಸಿಕ್ಕಿತು.

1914ರಲ್ಲಿ ಯುದ್ಧ ಶುರುವಾದೊಡನೆ ಈ ಜರ್ಮನರು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರು ದೇಶದವರಾದರು. ಕನ್ನಡ ಕಲಿತು, ಇಲ್ಲಿಯೇ ಮಕ್ಕಳನ್ನು ಬೆಳೆಸಿ, ಇಲ್ಲಿಯ ಮಣ್ಣಿನಲ್ಲಿ ತಮ್ಮವರನ್ನು ಹೂಳಿದ್ದವರನ್ನೂ ಅಹಮದ್‌ನಗರದ ಬಂಧನ ಶಿಬಿರಕ್ಕೆ ಕಳುಹಿಸಲಾಯಿತು. ಬಳಿಕ ಗೋಲ್ಕೊಂಡ ಎಂಬ ಹಡಗಿನಲ್ಲಿ ಹಲವರನ್ನು ಯುರೋಪಿಗೆ ಸಾಗಿಸಿದರು. ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳನ್ನು 1919ರಲ್ಲಿ ಹೊಸದಾಗಿ ಕಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ವಹಿಸಲಾಯಿತು. ಮಿಶನರಿಗಳಿಗೆ ಮತ್ತೆ ಬರಲು ಅನುಮತಿ ಸಿಕ್ಕಿದ್ದು 1920ರ ದಶಕದ ನಡುವಿನಲ್ಲಿ, ಆದರೆ ಕಾರ್ಖಾನೆಗಳು ಅವರ ಕೈಗೆ ಮರಳಲಿಲ್ಲ.

ಆದ್ದರಿಂದ ನಿಮ್ಮ ಅಟ್ಟದ ಮಿಶನ್ ಹಂಚು ಯುದ್ಧಕ್ಕೆ ಮುಂಚಿನದು, ಟ್ರಸ್ಟ್ ಹಂಚು ಯುದ್ಧದ ನಂತರದ್ದು ಎಂದು ಸಾಮಾನ್ಯವಾಗಿ ಹೇಳಬಹುದು. ಅಚ್ಚಿನಲ್ಲಿ 1865 ಎಂದಿದ್ದರೆ ಅದು ಕಾರ್ಖಾನೆ ಆರಂಭವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಈ ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಆ ಕಾಲದ ಮಂಗಳೂರನ್ನು ನೋಡುವ ಆಸೆಯಿದ್ದರೆ ಬಾಸೆಲ್ ಮಿಶನ್ನಿನ ದಾಖಲೆ ಸಂಗ್ರಹದಲ್ಲಿರುವ ಹಳೆಯ ಛಾಯಾಚಿತ್ರಗಳನ್ನು ಅಂತರ್ಜಾಲದಲ್ಲೇ ನೋಡಬಹುದು. ಕಾರ್ಖಾನೆ, ಶಾಲೆ, ದೋಣಿ, ಬೀದಿ ಎಲ್ಲವೂ ಇವೆ. ನಮ್ಮ ಊರಿನ ನೆನಪಿನ ದೊಡ್ಡ ಪಾಲು ಪರದೇಶದಲ್ಲಿದೆ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಖಾಕಿ ಬಣ್ಣ ಹುಟ್ಟಿದ್ದು ಮಂಗಳೂರಿನಲ್ಲೇ?

ಹೆಮ್ಮೆಯಿಂದ ಹಾಗೆ ಹೇಳುವವರಿದ್ದಾರೆ, ಸ್ವಲ್ಪ ತಿದ್ದಿಕೊಳ್ಳಬೇಕು. ಪೇಶಾವರದ ಕಡೆಯ ಒಂದು ಸೈನಿಕ ದಳ 1840ರ ದಶಕದಲ್ಲೇ ಮಣ್ಣಿನ ಬಣ್ಣದ ಉಡುಪು ತೊಟ್ಟಿತ್ತು. ಮಂಗಳೂರಿನ ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ ಬಾಸೆಲ್ ಮಿಶನ್ನಿನ ಜಾನ್ ಹಾಲರ್ 1850ರ ದಶಕದ ಆರಂಭದಲ್ಲಿ ಖಾಕಿ ಬಣ್ಣ ತಯಾರಿಸಿ ಬಟ್ಟೆಗೆ ಹಾಕಿದರು. ಆ ಬಣ್ಣದ ಉಡುಪಿನಲ್ಲಿ ಮುಂದೆ ಲಕ್ಷಾಂತರ ಸೈನಿಕರು ಎರಡು ಮಹಾಯುದ್ಧಗಳಿಗೆ ಹೋದರು. ಇಲ್ಲಿಯ ಮಗ್ಗದಲ್ಲಿ ಈ ಬಣ್ಣಕ್ಕೆ ದುಡಿದವರು ಜರ್ಮನರು, ಅದೇ ಬಣ್ಣ ತೊಟ್ಟ ಸೈನ್ಯ ಅವರ ಉತ್ತರಾಧಿಕಾರಿಗಳನ್ನು ಬಂಧಿಸಿತು.

1943ರಲ್ಲಿ ಹುಟ್ಟಿದ ಅಜ್ಜನ ಜಾತಕ ಬರೆಸಲು ಹೋದಾಗ ಜೋಯಿಸರು ಒಂದು ಗಂಟೆ ಕಳೆಯಬೇಕು ಎಂದರು. ಏಕೆ?

ಅವರು ಹೇಳಿದ್ದು ಸರಿ. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ನಡುವಿನವರೆಗೆ ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಲಾಗಿತ್ತು. ಹಗಲಿನ ಬೆಳಕನ್ನು ಹೆಚ್ಚು ಬಳಸಿ ದೀಪದ ಖರ್ಚು ಉಳಿಸುವುದು ಉದ್ದೇಶ. ನಮ್ಮ ಪ್ರಮಾಣಿತ ಸಮಯ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಉಡುಪಿ ಇರುವುದು 74.75ರ ಆಸುಪಾಸಿನಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಉಡುಪಿಯ ಸೂರ್ಯ ಯಾವಾಗಲೂ ಗಡಿಯಾರಕ್ಕಿಂತ ಸುಮಾರು 31 ನಿಮಿಷ ಹಿಂದೆ. ಯುದ್ಧದ ಆ ಮೂರು ವರ್ಷಗಳಲ್ಲಿ ಈ ಅಂತರ ಒಂದೂವರೆ ಗಂಟೆಯಾಯಿತು: ನೆತ್ತಿಯ ಮೇಲೆ ಸೂರ್ಯ ಬರುವಾಗ ಗಡಿಯಾರದಲ್ಲಿ ಸುಮಾರು ಒಂದೂವರೆ. ಜಾತಕದ ಲಗ್ನ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುವ ರಾಶಿ, ಸುಮಾರು ಎರಡು ಗಂಟೆಗೊಮ್ಮೆ ಬದಲಾಗುವುದರಿಂದ ಒಂದು ಗಂಟೆಯ ವ್ಯತ್ಯಾಸ ಜಾತಕವನ್ನೇ ಬದಲಿಸಬಲ್ಲದು.

ಕಳೆಯುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಹುಟ್ಟಿದ ಹೊತ್ತನ್ನು ಸೂರ್ಯೋದಯದಿಂದ ಘಳಿಗೆ, ವಿಘಳಿಗೆಗಳಲ್ಲಿ ಬರೆದಿಟ್ಟಿದ್ದರೆ ಏನನ್ನೂ ಕಳೆಯಬಾರದು, ಏಕೆಂದರೆ ಸರ್ಕಾರ ತಿರುಗಿಸಿದ್ದು ಗಡಿಯಾರವನ್ನು ಮಾತ್ರ. ಆಸ್ಪತ್ರೆಯ ದಾಖಲೆಯಾದರೆ ಕಳೆಯಬೇಕು. ಮನೆಯ ಗಡಿಯಾರ ನೋಡಿ ಬರೆದದ್ದಾದರೆ ಆ ಮನೆಯವರು ಗಡಿಯಾರ ತಿರುಗಿಸಿದ್ದರೇ ಎಂದು ವಿಚಾರಿಸಬೇಕು. ಕಚೇರಿ, ಶಾಲೆಗಳ ಸಂಪರ್ಕವಿಲ್ಲದ ಒಳನಾಡಿನ ಮನೆಗಳಲ್ಲಿ ಹಳೆಯ ಹೊತ್ತೇ ನಡೆದಿರುವುದು ಸಾಧ್ಯ. ಜಾತಕದಲ್ಲಿ ನಂಬಿಕೆ ಇಲ್ಲದವರಿಗೂ ಇದು ಬೇಕಾಗುತ್ತದೆ. ಆ ವರ್ಷಗಳ ಯಾವುದೇ ದಾಖಲೆಯಲ್ಲಿ ಹೊತ್ತು ಬರೆದಿದ್ದರೆ, ಅದು ಇಂದಿನ ಗಡಿಯಾರದ ಹೊತ್ತಲ್ಲ.

ರೇಷನ್ ಕಾರ್ಡ್‌ಗೂ ಯುದ್ಧಕ್ಕೂ ಏನು ಸಂಬಂಧ?

ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿಯಾದ ಸಂಬಂಧ ಇಲ್ಲಿದೆ. 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನಿನ ವಶವಾಯಿತು. ಅಲ್ಲಿಂದ ಬರುತ್ತಿದ್ದ ಬರ್ಮಾ ಅಕ್ಕಿ ನಿಂತುಹೋಯಿತು. ಸೈನ್ಯಕ್ಕೆ ಖರೀದಿ, ರೈಲು ವ್ಯಾಗನ್ನುಗಳ ಕೊರತೆ, ದಾಸ್ತಾನುಕೋರರ ದುರಾಸೆ, ಸರ್ಕಾರದ ನಿರ್ಲಕ್ಷ್ಯ ಎಲ್ಲವೂ ಸೇರಿ 1943ರಲ್ಲಿ ಬಂಗಾಳದಲ್ಲಿ ಸುಮಾರು 30 ಲಕ್ಷ ಜನರನ್ನು ಬಲಿ ತೆಗೆದುಕೊಂಡವು. ಅದೇ ವರ್ಷ ಆಹಾರಧಾನ್ಯ ನೀತಿ ಸಮಿತಿಯೊಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಪಡಿತರ ತರಬೇಕೆಂದು ಶಿಫಾರಸು ಮಾಡಿತು. ಮುಂಬಯಿ, ಮದ್ರಾಸ್ ನಗರಗಳಲ್ಲಿ ಪಡಿತರ ಚೀಟಿ ಬಂತು, ನಂತರ ವ್ಯವಸ್ಥೆ ಹರಡಿತು. ಅಕ್ಕಿ, ಸಕ್ಕರೆ, ಸೀಮೆಎಣ್ಣೆ, ಬಟ್ಟೆ ಒಂದೊಂದೇ ಹತೋಟಿಗೆ ಬಂದವು.

ಯುದ್ಧ ಮುಗಿದರೂ ಈ ಏರ್ಪಾಡು ಮುಗಿಯಲಿಲ್ಲ. ಯುದ್ಧಕಾಲದ ಭಾರತ ರಕ್ಷಣಾ ನಿಯಮಗಳ ಹತೋಟಿ ಅಧಿಕಾರಗಳನ್ನು 1946ರ ತಾತ್ಕಾಲಿಕ ಕಾಯ್ದೆಯಲ್ಲಿ ಮುಂದುವರಿಸಿದರು. 1955ರಲ್ಲಿ ಅದು ಅಗತ್ಯ ವಸ್ತುಗಳ ಕಾಯ್ದೆಯಾಯಿತು. ಇಂದಿಗೂ ಈರುಳ್ಳಿ, ಬೇಳೆಗಳ ದಾಸ್ತಾನಿಗೆ ಮಿತಿ ಹಾಕುವುದು ಅದೇ ಕಾಯ್ದೆಯ ಬಲದಿಂದ. ನಮ್ಮ ಕಡೆ ನ್ಯಾಯಬೆಲೆ ಅಂಗಡಿಯನ್ನು ಸೊಸೈಟಿ ಎಂದೇ ಕರೆಯುವ ರೂಢಿ, ಬಹಳ ಊರುಗಳಲ್ಲಿ ಅದನ್ನು ನಡೆಸುವುದು ಸಹಕಾರಿ ಸಂಘ. ಸೊಸೈಟಿಯಲ್ಲಿ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಬದಲು ಕುಚ್ಚಲಕ್ಕಿ ಕೊಡಿ ಎಂದು ಕರಾವಳಿಯವರು ಇತ್ತೀಚಿನವರೆಗೂ ಬೇಡಿಕೆ ಇಡುತ್ತಲೇ ಬಂದಿದ್ದಾರೆ. ಮನೆಯವರು ಯಾವ ಅಕ್ಕಿ ಉಣ್ಣಬೇಕು ಎಂಬ ಮಾತಿನಲ್ಲಿ ಸರ್ಕಾರಕ್ಕೂ ಪಾತ್ರವಿದೆ ಎಂಬ ಪರಿಸ್ಥಿತಿ ಶುರುವಾದದ್ದು ಆ ಯುದ್ಧದಲ್ಲಿ.

ಇದನ್ನು ಕೆಡುಕು ಎಂದು ನಾನು ಹೇಳುವುದಿಲ್ಲ. ಬಂಗಾಳದಲ್ಲಿ ಪಡಿತರ ಬೇಗ ಬಂದಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು.

ರವೆ ಇಡ್ಲಿ ಯುದ್ಧದಿಂದ ಹುಟ್ಟಿತು ಎನ್ನುವುದು ನಿಜವೇ?

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರು, ಅಂದರೆ ಎಂಟಿಆರ್‌ನವರು, ಹೇಳುವುದು ಹಾಗೆಯೇ: ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಿಂದ ಇಡ್ಲಿ ಮಾಡಿ ನೋಡಿದರು, ಜನ ಮೆಚ್ಚಿದರು. 1924ರಲ್ಲಿ ಆ ಹೋಟೆಲ್ ಕಟ್ಟಿದ ಮಯ್ಯರ ಮನೆತನ ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯದು. ಊರು ಬಿಟ್ಟು ಅಡುಗೆ ನಂಬಿ ಹೋದ ನಮ್ಮವರ ಕೈಚಳಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅದೇ ಕಾಲದಲ್ಲಿ, 1942ರಲ್ಲಿ, ಎ. ರಾಮ ನಾಯಕರು ಮುಂಬಯಿಯ ಮಾಟುಂಗದಲ್ಲಿ ಉಡುಪಿ ಊಟದ ಮನೆ ತೆರೆದರು. ಮರುವರ್ಷವೇ ಆ ನಗರಕ್ಕೆ ಪಡಿತರ ಬಂತು. ಅಕ್ಕಿಯನ್ನು ಅಳೆದು ಕೊಡುವ ದಿನಗಳಲ್ಲಿ ಎಲೆ ತುಂಬ ಬಡಿಸುವ ಹೋಟೆಲ್ ನಡೆಸಲು ಎಷ್ಟು ಧೈರ್ಯ ಬೇಕಿತ್ತೆಂದು ಊಹಿಸಿ.

ಏಪ್ರಿಲ್ 14ರಂದು ಅಗ್ನಿಶಾಮಕ ಠಾಣೆಗಳಲ್ಲಿ ನಮನ ಸಲ್ಲಿಸುವುದು ಯಾರಿಗೆ?

1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಒಡಲಲ್ಲಿ ಹತ್ತಿಯ ಬೇಲುಗಳೂ ಸಾವಿರದ ನಾನೂರು ಟನ್ನಿನಷ್ಟು ಸ್ಫೋಟಕಗಳೂ ಒಟ್ಟಿಗೇ ಇದ್ದವು. ಎರಡು ಸ್ಫೋಟಗಳು ಬಂದರನ್ನೂ ಸುತ್ತಲಿನ ಬೀದಿಗಳನ್ನೂ ನುಚ್ಚುನೂರು ಮಾಡಿದವು. ನೂರಾರು ಜನ ಸತ್ತರು. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಹಿಂದಿರುಗಲಿಲ್ಲ. ಏಪ್ರಿಲ್ 14ರಿಂದ 20ರವರೆಗೆ ದೇಶದೆಲ್ಲೆಡೆ ಅಗ್ನಿಶಾಮಕ ಸಪ್ತಾಹ ನಡೆಯುವುದು ಅವರ ನೆನಪಿನಲ್ಲಿ.

ಮುಂಬಯಿ ಎಂದರೆ ನಮ್ಮ ಜಿಲ್ಲೆಗಳಿಗೆ ಎರಡನೇ ತವರು. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ 1944ರಲ್ಲಿ ಅಲ್ಲಿದ್ದರೆ, ಆ ಮಧ್ಯಾಹ್ನದ ಶಬ್ದದ ಕಥೆ ಮನೆಯಲ್ಲಿ ಉಳಿದಿರಬಹುದು. ಕೇಳಿ, ಬರೆದಿಡಿ. ಮುಂದಿನ ಏಪ್ರಿಲ್‌ನಲ್ಲಿ ಮಂಗಳೂರಿನ ಪಾಂಡೇಶ್ವರದ ಅಗ್ನಿಶಾಮಕ ಠಾಣೆಗೆ ಮಕ್ಕಳನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಮೀನು ಹುಡುಕುವ ಯಂತ್ರವೂ ಯುದ್ಧದ ಕೊಡುಗೆಯೇ?

ಹೌದು. ಮಲ್ಪೆಯಲ್ಲಾಗಲಿ ಮಂಗಳೂರಿನ ದಕ್ಕೆಯಲ್ಲಾಗಲಿ ಆಳಸಮುದ್ರಕ್ಕೆ ಹೋಗುವ ಬೋಟ್ ಹತ್ತಿದರೆ ಬೋಟ್ ನಡೆಸುವ ತಾಂಡೇಲನ ಮುಂದೆ ಒಂದು ಪರದೆ ಇರುತ್ತದೆ. ನೀರೊಳಗೆ ಶಬ್ದದ ಅಲೆ ಬಿಟ್ಟು, ತಗುಲಿ ಹಿಂದಿರುಗಿದ ಪ್ರತಿಧ್ವನಿಯಿಂದ ಮೀನಿನ ಹಿಂಡು ಎಲ್ಲಿದೆ ಎಂದು ಅದು ತೋರಿಸುತ್ತದೆ. ಮೊದಲನೇ ಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಕಾಟ ತಡೆಯಲು ಫ್ರಾನ್ಸಿನ ಪಾಲ್ ಲಾಂಜವಾಂ ಸ್ಫಟಿಕ ಬಳಸಿ ಇಂಥ ಅಲೆಗಳನ್ನು ಹುಟ್ಟಿಸಿದರು. ಎರಡನೇ ಯುದ್ಧದಲ್ಲಿ ನೌಕಾಪಡೆಗಳು ಅದನ್ನು ಪಳಗಿಸಿದವು. ಯುದ್ಧ ಮುಗಿದ ಮೇಲೆ ಜಪಾನಿನ ನಾಗಾಸಾಕಿ ಪ್ರಾಂತ್ಯದ ಫುರುನೊ ಸಹೋದರರು ಅದೇ ತತ್ತ್ವವನ್ನು ಮೀನಿಗೆ ತಿರುಗಿಸಿ 1948ರಲ್ಲಿ ಮಾರುಕಟ್ಟೆಗೆ ತಂದರು. ಅಣುಬಾಂಬ್ ಬಿದ್ದ ನೆಲದಿಂದ, ಸುಮಾರು ಮೂರೇ ವರ್ಷದಲ್ಲಿ, ಹೊಟ್ಟೆ ತುಂಬಿಸುವ ಯಂತ್ರವೊಂದು ಹೊರಬಂತು.

ಬಲೆಯೂ ಹಾಗೆಯೇ. ಯುದ್ಧದಲ್ಲಿ ಪ್ಯಾರಾಚೂಟ್‌ಗೆ ಹೋಗುತ್ತಿದ್ದ ನೈಲಾನ್ ನಂತರ ನೂಲಿನ ಬಲೆಯ ಜಾಗಕ್ಕೆ ಬಂತು. ಕೊಳೆಯದ ಬಲೆ, ಕತ್ತಲಲ್ಲೂ ನೋಡುವ ಯಂತ್ರ, ಇವೆರಡೂ ಮೀನುಗಾರನ ಕಷ್ಟ ಇಳಿಸಿದವು, ನಿಜ. ಆದರೆ ಶತ್ರುವನ್ನು ಬೇಟೆಯಾಡಲು ಮಾಡಿದ ಸಾಧನವನ್ನು ಬೂತಾಯಿ, ಬಂಗುಡೆಗಳ ಮೇಲೆ ಬಿಟ್ಟರೆ ಅವು ಅಡಗುವುದಾದರೂ ಎಲ್ಲಿ? ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧವನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಈ ಯಂತ್ರಗಳೆದುರು ಮೀನಿಗೆ ಉಳಿದಿರುವ ಬಿಡುವು ಅದೊಂದೇ.

ಮಲೇರಿಯಾ ಔಷಧಕ್ಕೂ ಯುದ್ಧ ಕಾರಣವಂತೆ?

ಆಗಿನ ಔಷಧ ಕ್ವಿನೈನ್. ಲೋಕದ ಕ್ವಿನೈನ್‌ನಲ್ಲಿ ಬಹುಪಾಲು ಜಾವಾದ ಸಿಂಕೋನಾ ತೋಟಗಳಿಂದ ಬರುತ್ತಿತ್ತು. 1942ರಲ್ಲಿ ಜಾವಾ ಜಪಾನಿನ ವಶವಾದಾಗ ಎಲ್ಲೆಡೆ ಕ್ವಿನೈನ್‌ಗೆ ಹಾಹಾಕಾರ. ನೀಲಗಿರಿಯ ತೋಟಗಳ ಉತ್ಪಾದನೆ ಸಾಲುತ್ತಿರಲಿಲ್ಲ. ಘಟ್ಟದ ಬುಡದ ಊರುಗಳು ಮಲೇರಿಯಾಕ್ಕೆ ಹೆಸರಾಗಿದ್ದ ಕಾಲ ಅದು. ಜರ್ಮನಿಯಲ್ಲಿ 1934ರಲ್ಲಿ ತಯಾರಾಗಿ ಬದಿಗೆ ಬಿದ್ದಿದ್ದ ಕ್ಲೋರೊಕ್ವಿನ್ ಅನ್ನು ಅಮೆರಿಕದ ಯುದ್ಧಕಾಲದ ಸಂಶೋಧನೆ ಮತ್ತೆ ಮೇಲಕ್ಕೆತ್ತಿತು. ಪ್ರೈಮಾಕ್ವಿನ್ ಎಂಬ ಇನ್ನೊಂದು ಔಷಧ ಆ ಸಂಶೋಧನೆಯ ಮುಂದುವರಿಕೆ. ಸೈನಿಕರನ್ನು ಕಾಪಾಡಿದ ಡಿಡಿಟಿ ಎಂಬ ಸೊಳ್ಳೆನಾಶಕ 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಲ್ಲಿ ಹಳ್ಳಿಗಳ ಗೋಡೆಗಳಿಗೆ ಬಂತು. ಆಗ ವರ್ಷಕ್ಕೆ ಏಳೂವರೆ ಕೋಟಿ ಪ್ರಕರಣಗಳ ಅಂದಾಜಿತ್ತು. ಮುಂದಿನ ದಶಕದಲ್ಲಿ ಅದು ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ನಂತರ ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡವು, ಕಾಯಿಲೆ ಮರಳಿತು.

ಕಟ್ಟಡ ಕಾಮಗಾರಿಗಳ ನೀರಿನಲ್ಲಿ ಸೊಳ್ಳೆ ಬೆಳೆದು ಮಂಗಳೂರು ನಗರ ವರ್ಷಗಟ್ಟಲೆ ಮಲೇರಿಯಾದಿಂದ ನರಳಿದ್ದು ನಮಗೆಲ್ಲ ಗೊತ್ತು. ವೈವಾಕ್ಸ್ ಎಂಬ ಬಗೆಯ ಮಲೇರಿಯಾಕ್ಕೆ ಇಂದಿಗೂ ಮೂರು ದಿನ ಕ್ಲೋರೊಕ್ವಿನ್, 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಬೇಡಿ. ಪ್ರೈಮಾಕ್ವಿನ್ ಎಲ್ಲರ ದೇಹಕ್ಕೂ ಒಗ್ಗುವುದಿಲ್ಲ, ಆದ್ದರಿಂದ ವೈದ್ಯರನ್ನು ಕೇಳದೆ ನುಂಗಲೂಬೇಡಿ.

ಪಾಸ್‌ಪೋರ್ಟ್ ಮೊದಲಿನಿಂದಲೂ ಇತ್ತೇ?

ಇತ್ತು, ಆದರೆ ಕಡ್ಡಾಯವಾಗಿರಲಿಲ್ಲ. ಮೊದಲನೇ ಯುದ್ಧದ ಭಯ ಅದನ್ನು ಕಡ್ಡಾಯ ಮಾಡಿತು, 1920ರಲ್ಲಿ ಭಾರತ ಪ್ರವೇಶಕ್ಕೆ ಪಾಸ್‌ಪೋರ್ಟ್ ಕಾಯ್ದೆ ಬಂತು. ವಿದೇಶಿಯರ ನೋಂದಣಿ ಕಾಯ್ದೆ 1939ರದು, ವಿದೇಶಿಯರ ಕಾಯ್ದೆ 1946ರದು. ಮಣಿಪಾಲಕ್ಕೆ ಓದಲು ಬರುವ ಹೊರದೇಶದ ವಿದ್ಯಾರ್ಥಿಗಳ ನೋಂದಣಿ, ಉಡುಪಿಯ ಲಾಡ್ಜ್‌ನವರು ವಿದೇಶಿ ಅತಿಥಿಗಳ ವಿವರ ಕೊಡಬೇಕಾದ ಕಟ್ಟುಪಾಡು ಎಲ್ಲವೂ ದಶಕಗಳ ಕಾಲ ಈ ಕಾಯ್ದೆಗಳಡಿಯಲ್ಲೇ ನಡೆದವು. ಅವುಗಳನ್ನು ರದ್ದುಪಡಿಸಿ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದದ್ದು 2025ರ ಸೆಪ್ಟೆಂಬರ್ 1ರಂದು.

ತೂತಿನ ಕಾಸು, ಒಂದು ರೂಪಾಯಿ ನೋಟು?

ಎರಡೂ ಯುದ್ಧದ ಲೋಹದ ಅಭಾವದಿಂದ ಹುಟ್ಟಿದವು. ಬೆಳ್ಳಿ ಸಿಗದೆ 1917ರ ನವೆಂಬರ್ 30ರಂದು ಒಂದು ರೂಪಾಯಿ ನೋಟು ಬಂತು, 1940ರಲ್ಲಿ ಮತ್ತೆ ಬಂತು. ತಾಮ್ರ ಉಳಿಸಲು 1943ರಿಂದ 1947ರವರೆಗೆ ನಡುವೆ ತೂತಿರುವ ಕಾಸು ಅಚ್ಚಾಯಿತು. ನಿಮ್ಮ ಬಳಿ ಇದ್ದರೆ ಉಜ್ಜಿ ಹೊಳೆಯಿಸಬೇಡಿ, ಇದ್ದಂತೆಯೇ ಇರಲಿ.

ಕೊಲ್ಲೂರಿನಿಂದ ಕೊಡಚಾದ್ರಿಗೆ ಹೋಗುವ ಜೀಪೂ ಯುದ್ಧದ್ದೇ?

ಅದರ ಪೂರ್ವಜ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲಿಸ್ ಜೀಪ್. ವಿಮಾನದ ಕಥೆಯೂ ಹಾಗೆಯೇ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಉದ್ಘಾಟನೆಗೆ 1951ರ ಡಿಸೆಂಬರ್ 25ರಂದು ನೆಹರೂ ಬಂದಿಳಿದ ಡಿಸಿ-3 ವಿಮಾನದ ಸೈನಿಕ ರೂಪವೇ ಡಕೋಟಾ. ಯುದ್ಧ ಮುಗಿದಾಗ ಉಳಿದ ಡಕೋಟಾಗಳನ್ನು ಕೊಂಡೇ ಭಾರತದ ಹಲವು ವಿಮಾನ ಕಂಪನಿಗಳು ಹಾರಾಟ ಶುರುಮಾಡಿದವು.

ನಮ್ಮ ಮುತ್ತಜ್ಜ ಯುದ್ಧಕ್ಕೆ ಹೋಗಿದ್ದರಂತೆ. ವಿವರ ಹುಡುಕುವುದು ಹೇಗೆ?

ಮನೆಯ ಪೆಟ್ಟಿಗೆಯಿಂದ ಶುರುಮಾಡಿ. ಪದಕ ಸಿಕ್ಕಿದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಭಾರತೀಯ ಸೈನಿಕರ ಪದಕಗಳಲ್ಲಿ ಸಾಮಾನ್ಯವಾಗಿ ಸಂಖ್ಯೆ, ಹೆಸರು, ದಳ ಕೊರೆದಿರುತ್ತದೆ. ಸೇನೆಯಿಂದ ಬಿಡುಗಡೆಯಾದ ಪತ್ರ, ಪಿಂಚಣಿ ಕಾಗದ, ಹಳೆಯ ಮನಿಯಾರ್ಡರ್ ರಸೀದಿ ಯಾವುದನ್ನೂ ಎಸೆಯಬೇಡಿ. ಸೈನಿಕ ಸಂಖ್ಯೆ ಮತ್ತು ದಳದ ಹೆಸರು ಎರಡೂ ಸಿಕ್ಕರೆ ಆ ದಳದ ದಾಖಲೆ ಕಚೇರಿಗೆ ಪತ್ರ ಬರೆಯಬಹುದು. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವರಾಗಿದ್ದರೆ ಅದರ ಕೇಂದ್ರ ಬೆಂಗಳೂರಿನಲ್ಲೇ ಇದೆ.

ಯುದ್ಧದಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹುಡುಕಬಹುದು. ಮೊದಲನೇ ಯುದ್ಧದಲ್ಲಿ ಸುಮಾರು 74,000, ಎರಡನೆಯದರಲ್ಲಿ ಸುಮಾರು 87,000 ಭಾರತೀಯ ಸೈನಿಕರು ಸತ್ತರು. ಸಮಾಧಿ ಇಲ್ಲದವರ ಹೆಸರುಗಳು ಫ್ರಾನ್ಸಿನ ನವ್ ಶಾಪೆಲ್, ದೆಹಲಿಯ ಇಂಡಿಯಾ ಗೇಟ್, ಬರ್ಮಾದ ತೌಕ್ಯಾನ್ ಮುಂತಾದ ಸ್ಮಾರಕಗಳಲ್ಲಿವೆ. ಹೆಸರುಗಳನ್ನು ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ, ಆದ್ದರಿಂದ ಒಂದೇ ಹೆಸರನ್ನು ನಾಲ್ಕಾರು ಕಾಗುಣಿತಗಳಲ್ಲಿ ಹಾಕಿ ನೋಡಿ. ಜಿಲ್ಲೆಯ ಹೆಸರನ್ನು ದಕ್ಷಿಣ ಕನ್ನಡ ಎಂದು ಹುಡುಕಿದರೆ ಸಿಗುವುದಿಲ್ಲ. ಆಗಿನ ದಾಖಲೆಗಳಲ್ಲಿ ಅದು ಸೌತ್ ಕೆನರಾ, ಪ್ರಾಂತ್ಯ ಮದ್ರಾಸ್.